ಮಾಸ್ಟರ್ ಪ್ಲಾನ್‌ಗೆ ಜನ ಬರೆಯುವ ಆಕ್ಷೇಪಣೆ ಎಲ್ಲಿಗೆ ಹೋಗುತ್ತದೆ?

ಕೆರೆ ಏರಿ ಪಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಉತ್ತರ ಬೆಂಗಳೂರಿನಲ್ಲಿ. ಮನೆಯಿಂದ ಎರಡು ರಸ್ತೆ ದಾಟಿದರೆ ಒಂದು ಖಾಲಿ ಜಾಗ ಇದೆ, ಅದರ ಅಂಚಿಗೆ ರಾಜಕಾಲುವೆ. ಮಳೆ ಬಂದಾಗ ಮೇಲಿನ ಬಡಾವಣೆಗಳ ನೀರೆಲ್ಲ ಅಲ್ಲಿ ನಿಂತು, ನಿಧಾನಕ್ಕೆ ಕೆರೆಗೆ ಹೋಗುತ್ತದೆ. ಈ ಜಾಗದ ಭೂ ಬಳಕೆಯನ್ನು ವಸತಿಗೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ ಪೇಪರಿನಲ್ಲಿ ಪ್ರಕಟಣೆ ಬಂದಿತ್ತು. ನಮ್ಮ ಬೀದಿಯಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ಅದರಲ್ಲಿದ್ದದ್ದು ಹೋಬಳಿ, ಗ್ರಾಮ, ಸರ್ವೆ ನಂಬರ್, ಎಕರೆ ಗುಂಟೆ, ಚಕ್ಕುಬಂದಿ ಅಷ್ಟೇ. ಪೂರ್ವಕ್ಕೆ ಇಂಥ ಸರ್ವೆ ನಂಬರ್, ಪಶ್ಚಿಮಕ್ಕೆ ಇಂಥ ಸರ್ವೆ ನಂಬರ್. ಯಾವ ರಸ್ತೆ, ಯಾವ ಬಸ್ ಸ್ಟಾಪ್ ಹತ್ತಿರ ಅನ್ನುವ ಒಂದು ಮಾತೂ ಇಲ್ಲ. ನಾವು ಮೇನು, ಕ್ರಾಸು ಅಂತ ವಿಳಾಸ ಹೇಳುವವರು, ಆ ಗ್ರಾಮದ ಹೆಸರನ್ನು ಮನೆಯ ಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಓದಿದವರಲ್ಲ.

ನನ್ನ ತಕರಾರು ಇದೊಂದು ಜಾಗದ ಬಗ್ಗೆ ಮಾತ್ರ ಅಲ್ಲ. ಜನರ ಅಭಿಪ್ರಾಯ ಕೇಳುತ್ತೇವೆ ಅಂತ ಕಾನೂನಿನಲ್ಲಿ ಇದೆ. ಆದರೆ ಕೇಳುವ ಹೊತ್ತಿಗೆ ನಕ್ಷೆ ಸಿದ್ಧವಾಗಿರುತ್ತದೆ, ಬಣ್ಣ ಹಚ್ಚಿ ಆಗಿರುತ್ತದೆ, ದೊಡ್ಡ ಯೋಜನೆಯಾದರೆ ಟೆಂಡರ್ ಕೂಡ ಹತ್ತಿರ ಬಂದಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಹೇಳುವುದು ಮಾಸ್ಟರ್ ಪ್ಲಾನ್. ಬೆಂಗಳೂರಿಗೆ ಇವತ್ತಿಗೂ ಲೆಕ್ಕಕ್ಕಿರುವುದು 2007ರಲ್ಲಿ ಒಪ್ಪಿಗೆ ಸಿಕ್ಕಿದ, 2015ರವರೆಗಿನ ಲೆಕ್ಕ ಹಾಕಿದ ಪರಿಷ್ಕೃತ ಮಾಸ್ಟರ್ ಪ್ಲಾನ್. 2031ರ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು. ಜನ 13 ಸಾವಿರಕ್ಕೂ ಜಾಸ್ತಿ ಆಕ್ಷೇಪಣೆ, ಸಲಹೆ ಕೊಟ್ಟರು. 2020ರಲ್ಲಿ ಸರ್ಕಾರ ಆ ಕರಡನ್ನೇ ವಾಪಸ್ ಪಡೆಯಿತು. ಆ 13 ಸಾವಿರ ಪತ್ರಗಳಲ್ಲಿ ಯಾರೋ ತಮ್ಮ ಊರಿನ ಕಾಲುವೆ ಎಲ್ಲಿ ತಿರುಗುತ್ತದೆ ಅಂತ ಬರೆದಿರುತ್ತಾರೆ, ಯಾರೋ ತಮ್ಮ ಬೀದಿಯ ಶಾಲೆ ನಕ್ಷೆಯಲ್ಲಿ ಕಾಣುತ್ತಿಲ್ಲ ಅಂತ ಬರೆದಿರುತ್ತಾರೆ. ಅದೆಲ್ಲ ಮುಂದಿನ ಪ್ಲಾನ್ ಮಾಡುವವರ ಕೈಗೆ ಸಿಗಬೇಕು ಅಲ್ವಾ?

ಅನುಭವ ಇರುವವರು ಹೇಳಿ. ಆಕ್ಷೇಪಣೆ ಬರೆದರೆ ಯಾರಾದರೂ ಓದುತ್ತಾರಾ? ಓದುವ ಹಾಗೆ ಬರೆಯುವುದು ಹೇಗೆ?

ನಿವೃತ್ತ ಸರ್ವೇಯರ್

ಮೇಡಂ, ಓದುತ್ತಾರೆ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ.

ಇಂಥ ಕಡತಗಳ ನಡುವೆ ಬಹಳ ವರ್ಷ ಕೂತವನು ನಾನು. ಬಂದ ಪತ್ರಗಳನ್ನು ಮೊದಲು ವಿಂಗಡಿಸುತ್ತಾರೆ. ಒಂದೇ ಒಕ್ಕಣೆಯ ಪತ್ರಕ್ಕೆ ಐನೂರು ಜನ ಸಹಿ ಹಾಕಿ ಬೇರೆ ಬೇರೆ ಕಳಿಸಿದರೂ ಅದನ್ನೆಲ್ಲ ಒಂದೇ ಕಟ್ಟಿಗೆ ಸೇರಿಸಿ, ಒಂದೇ ಉತ್ತರ ಬರೆದು ಮುಗಿಸುತ್ತಾರೆ. "ನಮ್ಮ ಪರಿಸರ ಹಾಳಾಗುತ್ತದೆ, ದಯವಿಟ್ಟು ತಡೆಯಿರಿ" ಅಂತ ಬರೆದ ಪತ್ರಕ್ಕೆ "ಪರಿಶೀಲಿಸಲಾಗಿದೆ" ಅಂತ ಒಂದು ಸಾಲು ಸಾಕು. ಅದೇ "ಈ ಸರ್ವೆ ನಂಬರಿನ ಪಶ್ಚಿಮ ಗಡಿಯಲ್ಲಿ ಎರಡನೇ ಹಂತದ ರಾಜಕಾಲುವೆ ಇದೆ, ಗ್ರಾಮ ನಕ್ಷೆಯಲ್ಲಿ ತೋರಿಸಿದೆ, ಅರ್ಜಿದಾರರ ನಕ್ಷೆಯಲ್ಲಿ ಇಲ್ಲ" ಅಂತ ಬರೆದರೆ ಹಾಗೆ ದಾಟಿಹೋಗಲು ಆಗುವುದಿಲ್ಲ. ಯಾರಾದರೊಬ್ಬರು ಸ್ಥಳಕ್ಕೆ ಹೋಗಿ ನೋಡಿ ವರದಿ ಹಾಕಲೇಬೇಕು. ನಾಳೆ ಕೋರ್ಟಿಗೆ ಹೋದರೆ ಆ ಪತ್ರ ದಾಖಲೆಯಾಗಿ ಎದುರಿಗೆ ನಿಲ್ಲುತ್ತದೆ, ಅದು ಅಧಿಕಾರಿಗಳಿಗೂ ಗೊತ್ತು.

ಕಾನೂನು ಏನು ಹೇಳುತ್ತದೆ ನೋಡಿ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಮಾಸ್ಟರ್ ಪ್ಲಾನಿನ ಕರಡಿಗೆ ಅದರ 13ನೇ ಸೆಕ್ಷನ್ನಿನಲ್ಲಿ 60 ದಿನ ಅವಕಾಶ. ನಿಮ್ಮದು ಒಂದು ಜಾಗದ ಬದಲಾವಣೆ, ಅದು 14ಎ ಕೆಳಗೆ ಬರುತ್ತದೆ, ಅಲ್ಲಿ ಸಮಯ ಇನ್ನೂ ಕಡಿಮೆ. ಪ್ರಕಟಣೆಯ ತಾರೀಖು ಮೊದಲು ನೋಡಿಕೊಳ್ಳಿ.

ಆ ಸರ್ವೆ ನಂಬರ್ ಎಲ್ಲಿದೆ ಅಂತ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ, ಸರ್ಕಾರದ್ದೇ. ಆ ಜಾಗದಲ್ಲಿ ನಿಂತು ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಕಾಲುವೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿ.

ಸಿಲ್ಕ್ ಬೋರ್ಡ್ ಸಿಗ್ನಲ್

ಸರ್ ಹೇಳಿದ್ದಕ್ಕೆ ಗೌರವ ಇದೆ, ಆದರೆ ನನಗೆ ಈ ಪತ್ರ ಬರೆಯುವುದರಲ್ಲಿ ನಂಬಿಕೆ ಹೋಗಿದೆ. ಬೆಂಗಳೂರಿನಲ್ಲಿ ಯಾವುದಾದರೂ ಯೋಜನೆ ನಿಂತುಹೋಗಿದ್ದರೆ ಅದು ಜನ ಬೀದಿಗೆ ಬಂದಿದ್ದಕ್ಕೆ. ಉಕ್ಕಿನ ಮೇಲ್ಸೇತುವೆ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. 2016ರ ಅಕ್ಟೋಬರ್ 16ಕ್ಕೆ ಸಾವಿರಾರು ಜನ ಕೈ ಕೈ ಹಿಡಿದು ಆ ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದು ಯಾವ ಮಾಸ್ಟರ್ ಪ್ಲಾನಿನ ಆಕ್ಷೇಪಣೆಯಿಂದ ಆಗಿದ್ದು ಹೇಳಿ?

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಅಂತ ಹೊರಟಿದ್ದಾರೆ, ಸುಮಾರು 17 ಕಿಲೋಮೀಟರ್. ಲಾಲ್‌ಬಾಗ್‌ನ ಜಾಗ ಬೇಕು ಅಂದಾಗಲೇ ಎಷ್ಟೋ ಜನಕ್ಕೆ ಇಂಥದ್ದೊಂದು ಯೋಜನೆ ಇದೆ ಅಂತ ಗೊತ್ತಾಗಿದ್ದು. ಮೊದಲು ಡಿಪಿಆರ್ ಅಂದರೆ ಯೋಜನೆಯ ವಿವರವಾದ ವರದಿ, ಆಮೇಲೆ ಟೆಂಡರ್, ಕೊನೆಗೆ ನಮಗೆ ಸುದ್ದಿ. ಈ ಕ್ರಮ ಉಲ್ಟಾ ಆಗುವವರೆಗೂ ಪತ್ರ ಬರೆದು ಸುಮ್ನೆ ಸಮಾಧಾನ ಮಾಡಿಕೊಳ್ಳಬಹುದು ಅಷ್ಟೇ.

ಕೆರೆ ಏರಿ ಪಕ್ಕ

ಬೀದಿಗೆ ಇಳಿಯುವುದು ಬೇಡ ಅಂತ ನಾನೂ ಹೇಳಲ್ಲ. ಆ ಸರಪಳಿಯಲ್ಲಿ ನಮ್ಮ ಮನೆಯವರೂ ನಿಂತಿದ್ದರು. ಆದರೆ ಒಂದು ಪ್ರಶ್ನೆ. ಸೇತುವೆ ಯೋಜನೆ ನಿಂತುಹೋಯಿತು, ಅದರ ಬದಲಿಗೆ ಏನು ಬೇಕು ಅನ್ನುವುದಕ್ಕೆ ಅದೇ ಜೋರಿನಲ್ಲಿ ಎಷ್ಟು ದಿನ ನಿಂತೆವು? ಬೇಡ ಅನ್ನಲು ಒಂದು ಭಾನುವಾರ ಸಾಕು. ಬೇಕು ಅನ್ನುವುದು ವರ್ಷಗಟ್ಟಲೆ ಹಿಡಿಯುತ್ತದೆ.

ಉಪನಗರ ರೈಲು ನೋಡಿ. ಎಷ್ಟು ವರ್ಷದಿಂದ ಜನ ಕೇಳುತ್ತಿದ್ದರು! 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು, 148 ಕಿಲೋಮೀಟರ್, 15,767 ಕೋಟಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ. ಒಪ್ಪಿಗೆ ಸಿಗುವವರೆಗೆ ಬಿಡದೆ ಕೇಳಿದ ನಾವು, ಶಂಕುಸ್ಥಾಪನೆ ಆದ ಮೇಲೆ ಕೆಲಸ ಎಲ್ಲಿಗೆ ಬಂತು, ನಮ್ಮ ಸ್ಟೇಷನ್ನಿಗೆ ನಡೆದು ಹೋಗಲು ಫುಟ್‌ಪಾತ್ ಯಾರು ಮಾಡುತ್ತಾರೆ ಅಂತ ಅಷ್ಟೇ ಪಟ್ಟು ಹಿಡಿದು ಕೇಳುತ್ತಿಲ್ಲ. ಅದೂ ಭಾಗವಹಿಸುವಿಕೆಯೇ, ಫೋಟೋಗೆ ಚೆನ್ನಾಗಿ ಬರಲ್ಲ ಅಷ್ಟೇ.

ಧಾರವಾಡ ಪೇಟೆ

ನಮ್ಮ ಕಡೆಯ ಮಾತೂ ಒಂಚೂರು ಕೇಳಿರಿ. ಹುಬ್ಬಳ್ಳಿ ಧಾರವಾಡದ ನಡುವೆ ಬಿಆರ್‌ಟಿಎಸ್ ಬಂತು, ಅಂದರೆ ಬಸ್ಸಿಗೇ ಅಂತ ಬೇರೆ ದಾರಿ, 22 ಕಿಲೋಮೀಟರ್, ಚಿಗರಿ ಬಸ್. 2020ರ ಫೆಬ್ರುವರಿಯಲ್ಲಿ ಉದ್ಘಾಟನೆ. ಬಸ್ ಒಳ್ಳೆಯದೇ. ನಮ್ಮ ಮಗಳು ಅದರಲ್ಲೇ ಹುಬ್ಬಳ್ಳಿಗೆ ಕಾಲೇಜಿಗೆ ಹೋಗುತ್ತಾಳೆ, ಏಸಿ ಬಸ್ಸು, ತಡ ಆಗುವುದಿಲ್ಲ. ಆದರೆ ಧಾರವಾಡದ ಒಳಗೆ ರಸ್ತೆಯ ನಡುವಿನ ಜಾಗ ಬಸ್ಸಿಗೆ ಹೋಯಿತು, ಉಳಿದವರು ಎರಡೂ ಬದಿಯಲ್ಲಿ ಒತ್ತಿಕೊಂಡು ಓಡಾಡಬೇಕು. ಮಳೆ ಬಂದರೆ ಟೋಲ್ ನಾಕಾದಲ್ಲಿ ನೀರು ನಿಲ್ಲುತ್ತದೆ. ಆ ತಗ್ಗಿನಲ್ಲಿ ಮೊದಲಿನಿಂದಲೂ ನೀರು ಬರುತ್ತಿತ್ತು ಅಂತ ಅಲ್ಲಿಯ ಅಂಗಡಿಯವರೆಲ್ಲರಿಗೂ ಗೊತ್ತಿತ್ತು. ಅವರನ್ನು ಕೂರಿಸಿಕೊಂಡು ಕೇಳಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಈಗ ಬಿಆರ್‌ಟಿಎಸ್ ದಾರಿಯನ್ನೇ ತೆಗೆಯಿರಿ ಅಂತ ಪ್ರತಿಭಟನೆ ಮಾಡುವವರೂ ಇದ್ದಾರೆ. ನನಗೆ ಬೇಜಾರಾಗುವುದು ಅದಕ್ಕೇ. ಮೊದಲೇ ಜನರ ಮಾತು ಕೇಳದೆ ಮಾಡಿದ್ದರಿಂದ ಒಳ್ಳೆಯ ಬಸ್ಸಿಗೂ ಕೆಟ್ಟ ಹೆಸರು ಬಂತು. ಬಸ್ಸಿನಲ್ಲಿ ಹೋಗುವವರ ದನಿ ಬೇರೆ, ಕಾರಿನಲ್ಲಿ ಹೋಗುವವರ ದನಿ ಬೇರೆ. ಸಭೆಗೆ ಬಂದು ಮಾತಾಡುವವರು ಜಾಸ್ತಿ ಕಾರಿನವರೇ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೂವಿನ ಅಂಗಡಿ

ಧಾರವಾಡದ ಅಣ್ಣ ಹೇಳಿದ ಕೊನೇ ಮಾತು ನಿಜ. ಅದನ್ನೇ ಬರೆಯಬೇಕು ಅಂತ ಬಂದೆ.

ನಮ್ಮ ಅಮ್ಮ ಮಾರ್ಕೆಟ್ ಪಕ್ಕದ ಫುಟ್‌ಪಾತ್‌ನಲ್ಲಿ ಹೂವು ಮಾರುತ್ತಾರೆ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಅದೇ ಜಾಗ. ಆ ರಸ್ತೆ ಅಭಿವೃದ್ಧಿಗೆ ಅಂತ ಸಭೆ ಕರೆದಾಗ ನಿವಾಸಿಗಳ ಸಂಘದವರಿಗೆ ಪತ್ರ ಹೋಗಿತ್ತು, ಅಂಗಡಿ ಮಾಲೀಕರಿಗೆ ಹೋಗಿತ್ತು, ನಮಗೆ ಹೋಗಿರಲಿಲ್ಲ. ಸಭೆ ಇಟ್ಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ವಾರದ ದಿನ. ಅಮ್ಮ ಆ ಹೊತ್ತಿಗೆ ವ್ಯಾಪಾರ ಬಿಟ್ಟು ಹೋದರೆ ಹೂವು ಬಾಡುತ್ತದೆ, ಸಂಜೆ ಅರ್ಧ ಬೆಲೆಗೂ ಹೋಗಲ್ಲ. ಸಭೆಯಲ್ಲಿ ಆದ ತೀರ್ಮಾನ: ಫುಟ್‌ಪಾತ್ ಖಾಲಿ ಮಾಡಿಸಬೇಕು. ಸಾರ್ವಜನಿಕರ ಅಭಿಪ್ರಾಯ ಪಡೆಯಲಾಗಿದೆ ಅಂತ ಬರೆದುಕೊಂಡರು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅದರಲ್ಲಿ ಮೂರರಲ್ಲಿ ಒಂದು ಭಾಗ ಹೆಂಗಸರು. ಮೊದಲು ವ್ಯಾಪಾರಿಗಳ ಸರ್ವೆ, ಆಮೇಲೆ ಜಾಗ ಗುರುತಿಸುವುದು. ಸರ್ವೆ ಮುಗಿಯುವವರೆಗೆ ಎಬ್ಬಿಸುವ ಹಾಗಿಲ್ಲ. ಇದನ್ನು ನಾನು ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ, "ಅದನ್ನ ಪೊಲೀಸಪ್ಪನಿಗೆ ತೋರಿಸೋಕೆ ಪೇಪರ್ ಇದೆಯಾ?" ಗುರುತಿನ ಚೀಟಿ ಇನ್ನೂ ಕೈಗೆ ಬಂದಿಲ್ಲ.

ಬಾಡಿಗೆ ಮನೆಯವರದ್ದೂ ಇದೇ ಕಥೆ. ಬೆಂಗಳೂರಿನಲ್ಲಿ ಎಷ್ಟು ಜನ ಬಾಡಿಗೆಗೆ ಇದ್ದಾರೆ, ಅವರಲ್ಲಿ ಯಾರು ನಿವಾಸಿಗಳ ಸಂಘದ ಮೆಂಬರ್ ಆಗಿದ್ದಾರೆ ಹೇಳಿ. ನೀವೆಲ್ಲ ಜನ ಜನ ಅಂತ ಬರೆಯುವಾಗ ನಮ್ಮನ್ನೂ ಸೇರಿಸಿಕೊಂಡು ಬರೆಯಿರಿ.

ಕೆರೆ ಏರಿ ಪಕ್ಕ

ತಂಗಿ, ನೀವು ಬರೆದದ್ದು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಕಾಲುವೆ ಪಕ್ಕವೂ ಶೆಡ್ ಹಾಕಿಕೊಂಡಿರುವ ಕೆಲವು ಮನೆಗಳಿವೆ. ಮೊದಲು ನೀರು ನುಗ್ಗುವುದು ಅವರ ಮನೆಗೇ. ನಾಳೆಯೇ ಹೋಗಿ ಮಾತಾಡುತ್ತೇನೆ.

ಮೈಸೂರು ಮಲ್ಲಿಗೆ

ಮೈಸೂರಿನಿಂದ ಒಂದು ಸಣ್ಣ ಉದಾಹರಣೆ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ 40 ಮರ ಕಡಿದರು. ಬೆಳಿಗ್ಗೆ ವಾಕಿಂಗ್‌ಗೆ ಹೋದವರು ನೋಡಿದರೆ ರಸ್ತೆ ಬೋಳು. ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆ 1976ರದ್ದು. 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಮಾತ್ರ ಸಾರ್ವಜನಿಕ ಪ್ರಕಟಣೆ ಕೊಟ್ಟು, ಹತ್ತು ದಿನವಾದರೂ ಆಕ್ಷೇಪಣೆಗೆ ಕಾಯಬೇಕು ಅಂತ ಅದರಲ್ಲಿದೆ. 40 ಅಂದರೆ ಆ ಗೆರೆಯ ಕೆಳಗೆ. ದೊಡ್ಡ ರಸ್ತೆಯ ಮರಗಳನ್ನು ಮೂವತ್ತು ನಲವತ್ತರ ಲೆಕ್ಕದಲ್ಲಿ ಭಾಗ ಮಾಡಿದರೆ ಯಾರನ್ನೂ ಕೇಳಬೇಕಾಗಿಯೇ ಇಲ್ಲ ಅಂತ ಆಯಿತು. ಸಂಖ್ಯೆಯ ಬದಲು ಒಂದು ಇಡೀ ರಸ್ತೆಗೆ ಒಂದೇ ಲೆಕ್ಕ ಅಂತ ನಿಯಮ ಬರಬೇಕು ಅನ್ನುವುದು ನನ್ನ ಒತ್ತಾಯ.

1903ರಲ್ಲೇ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಮಾಡಿದ ಊರು ನಮ್ಮದು. ಅಗಲ ರಸ್ತೆ, ಸಾಲುಮರ, ಪಾರ್ಕು ಎಲ್ಲ ಆ ಕಾಲದ ಕೊಡುಗೆ. ಅಂಥ ಊರಿನಲ್ಲೇ ಹೀಗಾದರೆ ಹೊಟ್ಟೆ ಉರಿಯುತ್ತದೆ.

ವಾರ್ಡ್ ಸಮಿತಿ ಹಳಬ

ನಾನು ಬೆಂಗಳೂರಿನ ಒಂದು ವಾರ್ಡ್ ಸಮಿತಿಯಲ್ಲಿ ಸದಸ್ಯನಾಗಿದ್ದೆ. ಪತ್ರ, ಬೀದಿ ಎರಡೂ ಬಿಟ್ಟು ಮೂರನೇ ದಾರಿ ಒಂದಿದೆ, ಅದರ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ.

2016ರ ನಿಯಮದ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಜನ ಸದಸ್ಯರು. ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಲೇಬೇಕು. ತಿಂಗಳಿಗೊಂದು ಸಭೆ, ಮೊದಲ ಶನಿವಾರ ಅಂತ ಇಟ್ಟುಕೊಂಡಿದ್ದರು. ಮೊದಮೊದಲು ಖಾಲಿ ಕುರ್ಚಿ, ಟೀ, ಬಿಸ್ಕತ್ತು ಅಷ್ಟೇ. ನಾವು ಮಾಡಿದ ಒಂದು ಕೆಲಸದಿಂದ ಬದಲಾವಣೆ ಬಂತು. ಸಭೆಯಲ್ಲಿ ಆದ ಮಾತನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಅಲ್ಲೇ ಬರೆಸಿ, ಎದ್ದು ಹೋಗುವ ಮುಂಚೆ ಎಂಜಿನಿಯರ್ ಸಹಿ ಹಾಕಿಸಿ, ಅದರ ಫೋಟೋವನ್ನು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆವು. ಮುಂದಿನ ತಿಂಗಳ ಮೊದಲ ವಿಷಯ ಅಂದರೆ ಹಿಂದಿನ ತಿಂಗಳ ಪುಟ. ಯಾವ ಚರಂಡಿ, ಎಷ್ಟು ಮೀಟರ್, ಯಾರು ಮಾಡುತ್ತೇನೆ ಅಂದರು, ಆಯಿತೋ ಇಲ್ಲವೋ. ಜಗಳ ಇಲ್ಲ, ಕೂಗಾಟ ಇಲ್ಲ. ಪುಟ ತಿರುವಿ ಓದುವುದು ಅಷ್ಟೇ. ಆಮೇಲೆ ಆ ಎಂಜಿನಿಯರ್ ತಾವೇ ಮುಂಚಿತವಾಗಿ ಫೋನ್ ಮಾಡಿ, ಈ ಕೆಲಸಕ್ಕೆ ಅಂದಾಜು ಪಟ್ಟಿ ಹಾಕುತ್ತಿದ್ದೇನೆ, ಸ್ಥಳಕ್ಕೆ ಬರುತ್ತೀರಾ ಅಂತ ಕೇಳುವ ಮಟ್ಟಕ್ಕೆ ಬಂದರು. ನಕ್ಷೆ ಪೆನ್ಸಿಲ್‌ನಲ್ಲಿ ಇರುವಾಗಲೇ ನಮ್ಮನ್ನು ಕರೆದದ್ದು ಅದೊಂದು ಸಲ ನಾನು ಕಂಡಿದ್ದು.

2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನೋಡಲ್ ಅಧಿಕಾರಿಗಳನ್ನು ಇಟ್ಟುಕೊಂಡು ಕೆಲವು ಕಡೆ ಸಭೆ ನಡೆಯಿತು, ನಮ್ಮಲ್ಲಿ ಸೊರಗಿಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಹೋಗಿ ಐದಾಯಿತು. ಪಾಲಿಕೆ ಐದಾದರೂ ಹತ್ತಾದರೂ ವಾರ್ಡಿನ ನಡಾವಳಿ ಪುಸ್ತಕ ಇಲ್ಲದಿದ್ದರೆ ನಮ್ಮ ಮಟ್ಟಿಗೆ ಏನೂ ಬದಲಾಗಲ್ಲ.

ನಿವೃತ್ತ ಸರ್ವೇಯರ್

ಹಳಬರು ಹೇಳಿದ್ದು ಸರಿ. ಇದಕ್ಕೆ ಮೇಲಿನ ಹಂತವನ್ನೂ ಸೇರಿಸುತ್ತೇನೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ 243ಝಡ್‌ಇ ವಿಧಿಯಲ್ಲಿ ಮಹಾನಗರ ಯೋಜನಾ ಸಮಿತಿ ಅಂತ ಇದೆ. ಅದರ ಮೂರರಲ್ಲಿ ಎರಡು ಭಾಗ ಸದಸ್ಯರನ್ನು ಪಾಲಿಕೆಗಳ ಚುನಾಯಿತ ಸದಸ್ಯರು, ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿಂದಲೇ ಆರಿಸಬೇಕು. ಊರಿನ ಪ್ಲಾನ್ ಮಾಡಬೇಕಾದವರು ಅವರು. ಪಾಲಿಕೆಗೆ ಚುನಾವಣೆಯೇ ಇಲ್ಲದಿದ್ದರೆ ಆ ಸಮಿತಿಯಲ್ಲಿ ನಗರದ ಪರವಾಗಿ ಯಾರು ಕೂರುತ್ತಾರೆ?

ಸಿಲ್ಕ್ ಬೋರ್ಡ್ ಸರ್, ನೀವು ಹೇಳಿದ ಉಲ್ಟಾ ಕ್ರಮದ ಬೇರು ಇಲ್ಲಿದೆ. ಸುರಂಗ, ಮೇಲ್ಸೇತುವೆ, ಮೆಟ್ರೋ ಒಂದೊಂದನ್ನೂ ಒಂದೊಂದು ಸಂಸ್ಥೆ ಬೇರೆ ಬೇರೆ ತರುತ್ತದೆ. ಇವೆಲ್ಲ ಒಂದೇ ನಕ್ಷೆಯ ಮೇಲೆ ಬರಬೇಕಾದ ಜಾಗ ಮಾಸ್ಟರ್ ಪ್ಲಾನ್. ಆ ಪ್ಲಾನೇ ಹಳತಾಗಿ ಕೂತರೆ ಪ್ರತಿ ಯೋಜನೆಗೂ ನೀವು ಬೀದಿಗೆ ಬರಬೇಕಾಗುತ್ತದೆ.

ಮೇಡಂ, ನಿಮ್ಮ ಜಾಗದ ಬಗ್ಗೆ ಇನ್ನೊಂದು. 2015ರ ಪ್ಲಾನಿನಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ ಮೊದಲ, ಎರಡನೇ, ಮೂರನೇ ಹಂತದ ಮೇಲೆ 50, 25, 15 ಮೀಟರ್ ಮೀಸಲು ಪ್ರದೇಶ (ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಇದೆ, ಕಾಲುವೆಗೆ ಅಳೆಯುವುದು ಅದರ ಮಧ್ಯದಿಂದ. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತ್ತು, ಕೆರೆಗೆ 75 ಮೀಟರ್ ಅಂತ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಎಷ್ಟೋ ಜನ ಇನ್ನೂ 75 ಅಂತಲೇ ಬರೆಯುತ್ತಾರೆ, ಆ ಒಂದು ತಪ್ಪು ಹಿಡಿದು ಇಡೀ ಪತ್ರವನ್ನೇ ಪಕ್ಕಕ್ಕಿಡುತ್ತಾರೆ. ನೀವು ಹಾಗೆ ಬರೆಯಬೇಡಿ.

ಸಿಲ್ಕ್ ಬೋರ್ಡ್ ಸಿಗ್ನಲ್

ಸರಿ, ಬೇರಿನ ಮಾತು ಒಪ್ಪುತ್ತೇನೆ. ಆದರೂ ನನ್ನ ಪಾಲಿಗೆ ಒಂದು ಷರತ್ತು ಮುಖ್ಯ. ಜನ ಕೊಟ್ಟ ಪ್ರತಿ ಆಕ್ಷೇಪಣೆ, ಅದನ್ನು ಒಪ್ಪಿದರಾ ಬಿಟ್ಟರಾ, ಬಿಟ್ಟರೆ ಯಾಕೆ, ಇಷ್ಟನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು. ಕನ್ನಡದಲ್ಲಿ. ಅದಾಗುವವರೆಗೂ ನಾನು ಅರ್ಧ ನಂಬಿಕೆಯವನೇ. ಆದರೆ ಮೇಡಂ ಪತ್ರ ಕೊಡುವ ದಿನ ಜೊತೆಗೆ ಬರುತ್ತೇನೆ.

ಕೆರೆ ಏರಿ ಪಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ದಿಶಾಂಕ್ ಹಿಡಿದುಕೊಂಡು ಕಾಲುವೆ ಪಕ್ಕ ಪೂರ್ತಿ ನಡೆದೆವು. ಪ್ರಕಟಣೆಯ ಸರ್ವೆ ನಂಬರ್ ಅದೇ. ಗ್ರಾಮ ನಕ್ಷೆಯಲ್ಲಿ ಕಾಲುವೆ ಆ ಜಾಗದ ಮೂಲೆಯನ್ನು ದಾಟಿ ಹೋಗುತ್ತದೆ, ನೆಲದ ಮೇಲೆ ಅಲ್ಲಿ ಈಗ ಮಣ್ಣು ಸುರಿದು ಮಟ್ಟ ಮಾಡಿದ್ದಾರೆ. ಶೆಡ್‌ನಲ್ಲಿರುವ ಅಕ್ಕ ಒಬ್ಬರು ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆಯ ಮೇಲೆ ಉಳಿದಿರುವ ಕಲೆಯನ್ನು ತೋರಿಸಿದರು, ನನ್ನ ಮಂಡಿಗಿಂತ ಮೇಲೆ. ಟೇಪ್ ಹಿಡಿದು ಫೋಟೋ ತೆಗೆದಿದ್ದೇವೆ.

ಪತ್ರದ ಕರಡು ಹೀಗಿದೆ, ತಪ್ಪಿದ್ದರೆ ಹೇಳಿ:

"ಪ್ರಕಟಣೆಯಲ್ಲಿ ಹೇಳಿರುವ ಸರ್ವೆ ನಂಬರಿನ ಮೂಲೆಯಲ್ಲಿ ಗ್ರಾಮ ನಕ್ಷೆಯ ಪ್ರಕಾರ ಕಾಲುವೆ ಹಾದುಹೋಗುತ್ತದೆ. ಮಣ್ಣು ಸುರಿದಿರುವುದರಿಂದ ಅದು ಈಗ ಸ್ಥಳದಲ್ಲಿ ಕಾಣುತ್ತಿಲ್ಲ. ಫೋಟೋಗಳನ್ನು ಲಗತ್ತಿಸಿದೆ. ಜಂಟಿ ಸರ್ವೆ ಮಾಡಿ ಕಾಲುವೆಯ ಹಂತ ಮತ್ತು ಮೀಸಲು ಪ್ರದೇಶ ಗುರುತಿಸುವವರೆಗೆ ಭೂ ಬಳಕೆ ಬದಲಾವಣೆಯ ತೀರ್ಮಾನ ತೆಗೆದುಕೊಳ್ಳಬಾರದು. ಸರ್ವೆ ದಿನ ನಮಗೆ ತಿಳಿಸಬೇಕು. ನಮ್ಮ ಆಕ್ಷೇಪಣೆಗೆ ಲಿಖಿತ ಉತ್ತರ ಕೊಡಬೇಕು."

ಸಹಿ ಹಾಕುವವರಲ್ಲಿ ಶೆಡ್‌ನ ಮನೆಗಳವರೂ ಇದ್ದಾರೆ, ಬಾಡಿಗೆಯವರೂ ಇದ್ದಾರೆ.

ಹೂವಿನ ಅಂಗಡಿ

ಅಕ್ಕ, ಇಮೇಲ್ ಮಾಡಿದರೆ ಸಾಕಾಗಲ್ವಾ? ಅಮ್ಮನ ವಿಷಯಕ್ಕೂ ಹೀಗೇ ಒಂದು ಬರೆಯೋಣ ಅಂತಿದ್ದೇನೆ.

ನಿವೃತ್ತ ಸರ್ವೇಯರ್

ಇಮೇಲ್ ಮಾಡಿ, ಕಾಗದದಲ್ಲೂ ಕೊಡಿ ಅಮ್ಮ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಮೂವತ್ತು ದಿನ ಕಳೆದ ಮೇಲೂ ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಇಂಥ ತಾರೀಖಿನ ನಮ್ಮ ಪತ್ರದ ಮೇಲೆ ಏನು ಕ್ರಮ ಆಗಿದೆ, ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ ಅಂತ. ಅಧಿಕಾರಿಗಳು ಕಡತದಲ್ಲಿ ತಮ್ಮ ಅಭಿಪ್ರಾಯ ಬರೆಯುವ ಹಾಳೆ ಅದು, ಟಿಪ್ಪಣಿ ಹಾಳೆ ಅಂತಲೇ ಬರೆಯಿರಿ. ಬರೀ ಮಾಹಿತಿ ಕೊಡಿ ಅಂದರೆ "ಪರಿಶೀಲನೆಯಲ್ಲಿದೆ" ಅಂತ ಒಂದು ಸಾಲು ಕಳಿಸಿ ಕೈತೊಳೆದುಕೊಳ್ಳುತ್ತಾರೆ.

ಮೇಡಂ, ನಿಮ್ಮ ಪತ್ರದಲ್ಲಿ ಒಂದೇ ಸೇರಿಸಿ. ಫೋಟೋ ತೆಗೆದ ತಾರೀಖು ಮತ್ತು ನಿಂತ ಜಾಗದ ಸರ್ವೆ ನಂಬರನ್ನು ಪ್ರತಿ ಫೋಟೋದ ಕೆಳಗೆ ಬರೆಯಿರಿ. ಉಳಿದದ್ದೆಲ್ಲ ಸರಿಯಾಗಿದೆ, ಸೋಮವಾರವೇ ಕೊಟ್ಟುಬಿಡಿ.